ಮೊಗ್ಗಿನ ಹುಳುವಿಗೆ ಮದ್ದು ನೆಲದಲ್ಲಿದೆ

ಉಡುಪಿ ಜಿಲ್ಲೆಯ ಶಂಕರಪುರದ ಸುತ್ತಮುತ್ತ ಮಲ್ಲಿಗೆಯೆಂದರೆ ಮನೆಯಂಗಳದ ಬೆಳೆ. ನಸುಕಿನಲ್ಲೇ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡಿನ ಲೆಕ್ಕದಲ್ಲಿ ಮಾರುತ್ತಾರೆ. ಒಂದು ಚೆಂಡಿಗೆ ಸುಮಾರು 800 ಮೊಗ್ಗು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟಿ. ಹೀಗೆ ಮೊಗ್ಗನ್ನೇ ಎಣಿಸಿ ಸಂಸಾರ ತೂಗಿಸುವವರ ಗಿಡಕ್ಕೆ ಹುಳು ಬಿದ್ದರೆ ಕೈ ತಾನಾಗಿ ಸ್ಪ್ರೇ ಪಂಪಿನತ್ತ ಹೋಗುತ್ತದೆ. ಬೆಂಗಳೂರಿನ ತಾರಸಿಯಲ್ಲಿ ನಾಲ್ಕು ಗುಲಾಬಿ ಕುಂಡ ಇಟ್ಟವರ ಕತೆಯೂ ಬೇರೆಯಲ್ಲ. ಮೊಗ್ಗು ಕಂದಿದ್ದು ಕಂಡ ದಿನವೇ ಗೊಬ್ಬರದಂಗಡಿಗೆ ಓಟ, ಅಂಗಡಿಯವ ಕೊಟ್ಟದ್ದನ್ನು ತಂದು ಹೊಡೆಯುವುದು.

ಇದು ದುಡ್ಡಿಗೂ ದಂಡ, ಮೈಗೂ ಕೇಡು. ಹುಳುವಿಗೆ ಮಾತ್ರ ಹೇಳಿಕೊಳ್ಳುವಂಥ ತೊಂದರೆಯಿಲ್ಲ.

ಯಾಕೆಂದು ತಿಳಿಯಬೇಕಾದರೆ ಕಂದಿದ ಮೊಗ್ಗೊಂದನ್ನು ಉಗುರಿನಲ್ಲಿ ಸೀಳಿ ನೋಡಬೇಕು. ಹೊರಗೆ ಸೂಜಿ ಚುಚ್ಚಿದಷ್ಟು ತೂತು, ಅದರ ಬಾಯಿಗೆ ಅಂಟಿದ ಹಿಕ್ಕೆ. ಒಳಗೆ ಕಪ್ಪು ತಲೆಯ ಹಸಿರು ಹುಳು. ಅದು ಹೂವಿನ ಒಳಭಾಗವನ್ನೆಲ್ಲ ತಿಂದು ಬರೀ ಸಿಪ್ಪೆ ಉಳಿಸಿರುತ್ತದೆ. ಒಂದು ಮೊಗ್ಗು ಖಾಲಿಯಾದರೆ ಪಕ್ಕದ್ದಕ್ಕೆ ದಾಟುತ್ತದೆ, ದಾಟುವಾಗ ನೂಲು ಬಿಟ್ಟು ಗೊಂಚಲನ್ನೇ ಹೆಣೆಯುತ್ತದೆ. ತಿನ್ನುವುದು, ಬೆಳೆಯುವುದು ಎರಡೂ ಒಳಗೇ ನಡೆದಿರುವಾಗ ಮೇಲೆ ಹೊಡೆದ ವಿಷದಲ್ಲಿ ಅದಕ್ಕೆ ತಲುಪುವುದೆಷ್ಟು?

ಇನ್ನೊಂದು ಕೀಟ ಇದಕ್ಕಿಂತ ಜಾಣ. ಬ್ಲಾಸಮ್ ಮಿಡ್ಜ್ ಎಂಬ ಸೊಳ್ಳೆಯಂಥ ಪುಟ್ಟ ನೊಣ ಎಳೆ ಮೊಗ್ಗಿನೊಳಗೆ ಮೊಟ್ಟೆಯಿಡುತ್ತದೆ. ಮರಿಗಳು ಒಳಗಿನಿಂದ ರಸ ಹೀರುತ್ತವೆ, ಮೊಗ್ಗಿನ ಬುಡ ಊದಿ ನೇರಳೆಗೆ ತಿರುಗುತ್ತದೆ, ಅರಳದೆಯೇ ಉದುರುತ್ತದೆ. ಬಲಿತ ಮರಿ ಮಣ್ಣಿಗಿಳಿದು ಕೋಶ ಕಟ್ಟಿಕೊಳ್ಳುತ್ತದೆ. ಮತ್ತೆ ನೊಣವಾಗಿ ಮೇಲೇಳುವವರೆಗೂ ಎಲೆಯ ಮೇಲಿನ ಸಿಂಪಡಣೆಗೆ ಅದು ಸಿಗುವುದಿಲ್ಲ. ಹವಾಯಿಯಲ್ಲಿ ದಾಸವಾಳವನ್ನೂ ಡೆಂಡ್ರೋಬಿಯಂ ಆರ್ಕಿಡ್ ಅನ್ನೂ ಕಾಡುವುದು ಇದೇ ನೊಣ.

ಗುಲಾಬಿಯಲ್ಲಿ ದಳದಂಚು ಸುಟ್ಟಂತಾಗಿ ಮೊಗ್ಗು ಮುದುಡಿದರೆ ಅದು ಹೆಚ್ಚಾಗಿ ಥ್ರಿಪ್ಸ್ ನುಸಿಯ ಕೆಲಸ. ಮೊಗ್ಗನ್ನು ಬಿಳಿ ಹಾಳೆಯ ಮೇಲೆ ತಟ್ಟಿದರೆ ಎಳ್ಳಿಗಿಂತ ಸಣ್ಣವು ಹರಿದಾಡುವುದು ಕಾಣುತ್ತದೆ. ಯಾವ ಕೀಟವೆಂದು ನೋಡದೆ ಔಷಧಿ ತರುವುದಕ್ಕೆ ಅರ್ಥವಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಕೆಟ್ಟ ಮೊಗ್ಗನ್ನು ಗಿಡದಲ್ಲಿ ಬಿಡಬಾರದು, ಕಿತ್ತು ಬುಡಕ್ಕೂ ಎಸೆಯಬಾರದು, ಗೊಬ್ಬರದ ಗುಂಡಿಗಂತೂ ಹಾಕಲೇಬಾರದು. ಸೋಪಿನ ನೀರಿಗೆ ಹಾಕಿ ಅಥವಾ ಸುಟ್ಟು ಮುಗಿಸಬೇಕು. ಉದುರಿದ್ದನ್ನು ಗುಡಿಸಿ, ಬುಡದ ಮಣ್ಣನ್ನು ಆಗಾಗ ಕೆದಕಿ ಬಿಸಿಲಿಗೆ ಒಡ್ಡಿದರೆ ಕೋಶಗಳು ಒಣಗುತ್ತವೆ, ಇಲ್ಲವೇ ಇರುವೆಯ, ಹಕ್ಕಿಯ ಪಾಲಾಗುತ್ತವೆ. ಇದರ ಮೇಲೂ ಬೇಕೆನಿಸಿದರೆ ಲೀಟರಿಗೆ 50 ಗ್ರಾಂ ಬೇವಿನ ಬೀಜದ ತಿರುಳನ್ನು ಕುಟ್ಟಿ, ರಾತ್ರಿ ನೆನೆಸಿ, ಸೋಸಿ, ಸಂಜೆ ಹೊತ್ತು ಹೊಡೆಯಬಹುದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸಾಬೂನು, ಹೊಂಗೆ ಸಾಬೂನುಗಳೂ ಇವೆ.

ಮೊಗ್ಗು ಹೆಕ್ಕುತ್ತಾ ಕೂತರೆ ಕೆಲಸ ಸಾಗೀತೇ ಎಂದು ಬೆಳೆಗಾರರು ಕೇಳುತ್ತಾರೆ. ಎಕರೆಗಟ್ಟಲೆ ತೋಟದವರ ಮಟ್ಟಿಗೆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅಂಗಳದ ಮಲ್ಲಿಗೆಯಲ್ಲಿ ಪ್ರತಿ ಮೊಗ್ಗಿಗೂ ದಿನಾ ಬೆಳಿಗ್ಗೆ ಹೇಗೂ ಕೈ ತಾಗುತ್ತದೆ. ಸೊಂಟಕ್ಕೆ ಇನ್ನೊಂದು ಚೀಲ ಕಟ್ಟಿಕೊಂಡು ಕೆಟ್ಟದ್ದನ್ನು ಅದಕ್ಕೆ ಹಾಕಿದರಾಯಿತು. ಕೂಲಿ ಹೆಚ್ಚುವುದಿಲ್ಲ.

ಯಾರೂ ಮಾತಾಡದ ಸಂಗತಿ ಇನ್ನೊಂದಿದೆ. ತರಕಾರಿಗಾದರೆ ಸಿಂಪಡಣೆಗೂ ಕೊಯ್ಲಿಗೂ ನಡುವೆ ಇಷ್ಟು ದಿನ ಬಿಡಬೇಕೆಂಬ ನಿಯಮವಿದೆ. ದಿನಾ ಕೊಯ್ಯುವ ಮಲ್ಲಿಗೆಗೆ ಆ ಬಿಡುವು ಎಲ್ಲಿಂದ ಬರಬೇಕು? ಸಂಜೆ ಹೊಡೆದದ್ದು ಬೆಳಿಗ್ಗೆ ಕಟ್ಟುವವರ ಬೆರಳಿಗೆ, ಮಧ್ಯಾಹ್ನ ಮುಡಿದವರ ಮೂಗಿಗೆ. ಹೂವು ತಿನ್ನುವ ವಸ್ತುವಲ್ಲವಾದ್ದರಿಂದ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಅದಕ್ಕೆ ಜಾಗವಿಲ್ಲ. ಹೂ ಕಟ್ಟುವ ಹೆಂಗಸರು ಗಂಟೆಗಟ್ಟಲೆ ಆ ಮೊಗ್ಗುಗಳ ಮೇಲೆ ಬಗ್ಗಿರುತ್ತಾರೆಂಬುದು ಕಾಯ್ದೆ ಬರೆಯುವವರ ಕಣ್ಣಿಗೆ ಬಿದ್ದಂತಿಲ್ಲ.

ಮೈಸೂರು, ಹಡಗಲಿ, ಉಡುಪಿ ಮೂರೂ ಮಲ್ಲಿಗೆಗೆ ಜಿಐ ಮಾನ್ಯತೆ ಇದೆಯೆಂದು ಹೆಮ್ಮೆಪಡುವ ರಾಜ್ಯವಿದು. ಹೂವಿನಲ್ಲಿ ಉಳಿಯುವ ವಿಷಕ್ಕೂ ಒಂದು ಮಿತಿ ಗೊತ್ತುಮಾಡಿ ಮಾರುಕಟ್ಟೆಯಲ್ಲೇ ಪರೀಕ್ಷೆ ನಡೆಸುವಂತೆ ಅದು ಕೇಂದ್ರವನ್ನು ಒತ್ತಾಯಿಸಬೇಕು. ಅಲ್ಲಿಯವರೆಗೆ ಗಿಡ ಬೆಳೆಸುವವರು ಅಂಗಡಿಯಲ್ಲಿ ದುಡ್ಡು ಕೊಡುವ ಮುನ್ನ ಡಬ್ಬಿಯ ಲೇಬಲ್ಲಿನಲ್ಲಿ ತಮ್ಮ ಹೂವಿನ ಹೆಸರಿದೆಯೇ ಎಂದು ಓದಲಿ. ಇಲ್ಲದಿದ್ದರೆ ಡಬ್ಬಿಯನ್ನು ಅಲ್ಲೇ ವಾಪಸ್ ಇಟ್ಟು ಬರಲಿ.