ಕಡಲ್ಗಾಲುವೆಯ ಎರಡು ದಡಗಳು

ಇಂಗ್ಲೆಂಡಿನ ನೈಋತ್ಯದ ತುದಿಯಲ್ಲಿ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಕಾರ್ನ್‌ವಾಲೂ, ಇಂಗ್ಲಿಷ್ ಕಡಲ್ಗಾಲುವೆಯ ಆಚೆಗೆ ಫ್ರಾನ್ಸಿನ ಪಶ್ಚಿಮಾಗ್ರವಾಗಿರುವ ಬ್ರಿಟನಿಯೂ ಇಂದು ಬೇರೆ ಬೇರೆ ರಾಷ್ಟ್ರಗಳ ಅಧೀನದಲ್ಲಿದ್ದರೂ, ಇವೆರಡರ ಮೂಲನಿವಾಸಿಗಳು ಒಂದೇ ಮನೆತನದವರೆಂಬುದಕ್ಕೆ ಅವರ ನುಡಿಗಳೇ ಸಾಕ್ಷಿಯಾಗಿವೆ. 5 ಮತ್ತು 6ನೆಯ ಶತಮಾನಗಳಲ್ಲಿ ಈಚೆಯ ದಡದವರು ಆಚೆಗೆ ವಲಸೆ ಹೋದರು. ಇಂಗ್ಲೆಂಡಿಗೆ ನುಗ್ಗಿದ ಸ್ಯಾಕ್ಸನ್ನರ ಭಯವೊಂದೇ ಇದಕ್ಕೆ ಕಾರಣವೆಂದು ಹಿಂದಿನವರು ಬರೆದುದುಂಟು. ಆದರೆ ಸ್ಯಾಕ್ಸನ್ನರು ಆ ಮೂಲೆಯನ್ನು ಮುಟ್ಟುವುದಕ್ಕೆ ಬಹು ಮುಂಚೆಯೇ ವಲಸೆ ನಡೆದಿದ್ದುದರಿಂದ ಆ ಮಾತನ್ನು ಪೂರ್ತಿಯಾಗಿ ಒಪ್ಪುವುದು ಕಷ್ಟ.

ಈ ಬಾಂಧವ್ಯವು ಸಾವಿರ ವರ್ಷಗಳ ತರುವಾಯವೂ ಎಷ್ಟು ಸಜೀವವಾಗಿದ್ದಿತೆಂಬುದನ್ನು 1504ರಲ್ಲಿ ಪ್ರತಿಮಾಡಿದ ‘ಬ್ಯೂನಾನ್ಸ್ ಮೆರಿಯಾಸೆಕ್’ ಎಂಬ, ಕಾರ್ನ್‌ವಾಲಿನ ನುಡಿಯಾದ ಕಾರ್ನಿಷಿನ ನಾಟಕವು ತೋರಿಸುತ್ತದೆ. ಎರಡು ದಿನ ಆಡಬೇಕಾದ ಈ ಸಂತಚರಿತ್ರೆಯ ನಾಯಕ ಮೆರಿಯಾಸೆಕನು ಬ್ರಿಟನಿಯ ಕುಲೀನ ಪುತ್ರ. ರಾಜನು ಗೊತ್ತುಮಾಡಿದ ವಿವಾಹವನ್ನು ನಿರಾಕರಿಸಿ, ವಿರಕ್ತನಾಗಿ ಕಡಲನ್ನು ದಾಟಿ, ಕಾರ್ನ್‌ವಾಲಿನ ಕ್ಯಾಂಬೋರ್ನಿನಲ್ಲಿ ಪ್ರಾರ್ಥನಾಮಂದಿರವನ್ನು ಕಟ್ಟಿ, ನೀರಿಲ್ಲದೆಡೆ ಊಟೆಯನ್ನೆಬ್ಬಿಸಿ, ದುಷ್ಟನೊಬ್ಬನು ಬೆನ್ನಟ್ಟಲು ತಾಯ್ನಾಡಿಗೆ ಮರಳಿ ಅಲ್ಲಿ ಬಿಷಪ್ಪನಾಗುತ್ತಾನೆ. ಆ ದುಷ್ಟನ ಹೆಸರು ತೆವ್‌ದಾರ್! ಟ್ಯೂಡರ್ ಅರಸನ ತೆರಿಗೆಯ ವಿರುದ್ಧ 1497ರಲ್ಲಿ ದಂಗೆಯೆದ್ದು ಸೋತಿದ್ದ ಕಾರ್ನ್‌ವಾಲಿನ ಪ್ರೇಕ್ಷಕರು ಅದನ್ನು ಕೇಳಿ ಒಳಗೊಳಗೇ ನಕ್ಕಿರಲಾರರೆ?

ಎರಡು ದಡಗಳ ನಡುವಣ ದಾರಿಯನ್ನು ಮುಚ್ಚಿದುದು ಕಡಲಲ್ಲ, ಮತ ಮತ್ತು ಪ್ರಭುತ್ವ. 1532ರಲ್ಲಿ ಬ್ರಿಟನಿಯು ಫ್ರಾನ್ಸಿನಲ್ಲಿ ವಿಲೀನವಾಗಿ ರೋಮನ್ ಮತದಲ್ಲಿಯೇ ಉಳಿಯಿತು. ಇತ್ತ 1549ರಲ್ಲಿ ಇಂಗ್ಲಿಷ್ ಪ್ರಾರ್ಥನಾಗ್ರಂಥವನ್ನು ಹೇರಿದಾಗ, ತಮ್ಮಲ್ಲಿ ಕೆಲವರಿಗೆ ಇಂಗ್ಲಿಷೇ ತಿಳಿಯದೆಂದು ಎದುರುನಿಂತ ಕಾರ್ನಿಷರನ್ನು ಸೈನ್ಯವು ನಿರ್ದಯವಾಗಿ ಅಡಗಿಸಿತು. ಆಗ ಅವರ ನುಡಿಯಲ್ಲಿ ಪ್ರಾರ್ಥನಾಗ್ರಂಥವಾಗಲಿ ಬೈಬಲ್ಲಾಗಲಿ ಅಚ್ಚಾಗಲಿಲ್ಲ. ಫ್ರೆಂಚ್ ಪ್ರಭುತ್ವವು ಬ್ರಿಟನಿಯ ನುಡಿಯಾದ ಬ್ರೆಟನ್ನಿಗೆ ಮಮತೆ ತೋರಿತೆಂದಲ್ಲ. ಆದರೆ ಹಳ್ಳಿಯ ಪಾದ್ರಿಗಳು ಅದರಲ್ಲಿಯೇ ಉಪದೇಶಿಸುತ್ತ ಬಂದುದರಿಂದ ಅದು ಬಾಳಿತು. ಈ ಎರಡು ನುಡಿಗಳನ್ನೂ ಒಟ್ಟಿಗಿಟ್ಟು ಅಭ್ಯಾಸಮಾಡಹೊರಟ ವೇಲ್ಸಿನ ವಿದ್ವಾಂಸ ಎಡ್ವರ್ಡ್ ಲ್ಹುಯ್ಡನು 1701ರಲ್ಲಿ ಬ್ರಿಟನಿಯಲ್ಲಿ ಗೂಢಚಾರನೆಂಬ ಸಂಶಯಕ್ಕೆ ಸಿಕ್ಕಿ ಸೆರೆಯಾದನು. ಎರಡು ದಡಗಳ ನಡುವೆ ಎಷ್ಟು ಅಪನಂಬಿಕೆ ಬೆಳೆದಿದ್ದಿತೆಂಬುದಕ್ಕೆ ಬೇರೆ ನಿದರ್ಶನ ಬೇಡ. 1707ರಲ್ಲಿ ಅವನು ಪ್ರಕಟಿಸಿದ ಮಹಾಗ್ರಂಥದಲ್ಲಿ ಕಾರ್ನಿಷ್ ವ್ಯಾಕರಣವೂ ಸೇರಿತು. ಹದಿನೆಂಟನೆಯ ಶತಮಾನವು ಮುಗಿಯುವ ಹೊತ್ತಿಗೆ ಮೀನುಗಾರರ ಹಳ್ಳಿಗಳಲ್ಲಿಯೂ ಆ ನುಡಿಯು ಬಹುಮಟ್ಟಿಗೆ ನಿಂತುಹೋಯಿತು. 1904ರಲ್ಲಿ ಹೆನ್ರಿ ಜೆನ್ನರ್ ಬರೆದ ಕೈಪಿಡಿಯಿಂದ ಅದರ ಪುನರುಜ್ಜೀವನಕ್ಕೆ ದಾರಿಯಾದ ಮೇಲೆ, ಹಳೆಯ ಹಸ್ತಪ್ರತಿಗಳಲ್ಲಿ ದೊರೆಯದ ಎಷ್ಟೋ ಪದಗಳನ್ನು ಅದರ ಉದ್ಧಾರಕರು ಬ್ರೆಟನ್ನಿನಿಂದ ಸಂಕೋಚವಿಲ್ಲದೆ ತೆಗೆದುಕೊಂಡರು.