ಮಗುವನ್ನು ಮೊದಲು ಅರಿಯಿರಿ

ಹರಕೆ ಹೊತ್ತು ಪಡೆದ ಮಗುವೆಂದು ಮುದ್ದಿಸುವ ಮನೆಯಲ್ಲಿಯೇ, ಅದು ಓದಲು ತಡವರಿಸಿದ ದಿನ ‘ದಡ್ಡ’ ಎಂಬ ಹೆಸರು ಬೀಳುತ್ತದೆ. ಹುಡುಗ ಒತ್ತಕ್ಷರ ಬಿಡುತ್ತಾನೆ, ‘ಮರ’ವನ್ನು ‘ರಮ’ ಎಂದು ಓದುತ್ತಾನೆ. ಆದರೆ ಅವನೇ ಸಂತೆಯ ಲೆಕ್ಕವನ್ನು ಬಾಯಲ್ಲೇ ಹೇಳುತ್ತಾನೆ, ಕೇಳಿದ ಕಥೆಯನ್ನು ಚಾಚೂ ತಪ್ಪದೆ ಒಪ್ಪಿಸುತ್ತಾನೆ. ಇಂಥವನಿಗೆ ಬುದ್ಧಿಯಿಲ್ಲವೆನ್ನಲು ನಮಗೇನು ಅಧಿಕಾರ? ಅಕ್ಷರವನ್ನು ಗ್ರಹಿಸುವ ಅವನ ಮಿದುಳಿನ ರೀತಿಯೇ ಬೇರೆ. ವೈದ್ಯರು ಇದನ್ನು ಡಿಸ್ಲೆಕ್ಸಿಯಾ ಎನ್ನುತ್ತಾರೆ. ಇದರಲ್ಲಿ ಹೆತ್ತ ತಾಯಿಯ ತಪ್ಪೇನೂ ಇಲ್ಲ. ತಾಯತ ಕಟ್ಟಿಸಲು ಊರೂರು ಅಲೆಯುವವರು ಒಮ್ಮೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೋ ಬೆಂಗಳೂರಿನ ನಿಮ್ಹಾನ್ಸಿಗೋ ಹೋಗಿ ತೋರಿಸಲಿ.

ಶಿಕ್ಷಕ ಬಂಧುಗಳಿಗೂ ಒಂದು ಮಾತು. ಬೆತ್ತದಿಂದ ಅಕ್ಷರ ಮೂಡುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯು ಹೊಡೆಯುವುದನ್ನೂ ಮನನೋಯಿಸುವುದನ್ನೂ ನಿಷೇಧಿಸಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಕಲಿಕಾ ನ್ಯೂನತೆ, ಆಟಿಸಂ ಎರಡೂ ಸೇರಿವೆ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಹೇಳಿದ್ದನ್ನು ಬರೆದುಕೊಡುವವರ ನೆರವು, ಎರಡನೆಯ ಮೂರನೆಯ ಭಾಷೆಗಳಿಂದ ವಿನಾಯಿತಿ ಮುಂತಾದ ಅನುಕೂಲಗಳನ್ನು ಅದು ಹೇಳುತ್ತದೆ. ಇಷ್ಟಿದ್ದೂ ಕೇಳಲು ನಾಚುವ ತಂದೆಯರಿದ್ದಾರೆ. ನಾಳೆ ಮನೆಯ ಮಕ್ಕಳ ಸಂಬಂಧಕ್ಕೆ ಅಡ್ಡಿಯಾದೀತೆಂದು ಮುಚ್ಚಿಡುತ್ತಾರಂತೆ! ಮುಚ್ಚಿಟ್ಟಷ್ಟು ವರ್ಷ ಹುಡುಗ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿಯೇ ಕೂರುತ್ತಾನೆ.

ಮನೆಯಲ್ಲಿ ಮಾಡುವ ಕೆಲಸ ಹೆಚ್ಚೇನಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಟಿ.ವಿ. ಆರಿಸಿ, ಪಾಠವನ್ನು ನೀವೇ ಗಟ್ಟಿಯಾಗಿ ಓದಿ. ಮಗು ಕೇಳಿಸಿಕೊಂಡು ಉತ್ತರವನ್ನು ಬಾಯಲ್ಲಿ ಹೇಳಲಿ. ದಿನಕ್ಕೆ ನಾಲ್ಕೇ ಪದ ಬರೆಯಲಿ, ಅಕ್ಷರದ ಮೇಲೆ ಬೆರಳಾಡಿಸುತ್ತ ಬರೆಯಲಿ. ಪಕ್ಕದ ಮನೆಯ ಹುಡುಗನ ಅಂಕದ ಮಾತು ಮಾತ್ರ ಆ ಹೊತ್ತಿನಲ್ಲಿ ಬೇಡ.