‘ಅಲಾಟೆಡ್’ ಎಂದರೆ ಪ್ರವೇಶವಲ್ಲ!

ಕಾರ್ಮಿಕ ಬಂಧುಗಳೇ,

ಹನ್ನೊಂದನೇ ತರಗತಿಯ ಆನ್‌ಲೈನ್ ಪ್ರವೇಶ ಮುಂಬಯಿಗೆ 2009ರಲ್ಲೇ ಬಂತು. 2025ರಲ್ಲಿ ಮಹಾರಾಷ್ಟ್ರವನ್ನೆಲ್ಲ ಆವರಿಸಿತು. ಆದರೆ ಅರ್ಜಿಯ ಗತಿ ಏನಾಯಿತೆಂಬುದು ಇಂದಿಗೂ ನಮಗೆ ಒಗಟು.

ಮೊಬೈಲಿನಲ್ಲಿ ‘ಅಲಾಟೆಡ್’ ಎಂದು ಕಂಡೊಡನೆ ನಾವು ಪೇಡೆ ಹಂಚುತ್ತೇವೆ. ಸೀಟನ್ನು ಮಗುವಿನ ಹೆಸರಿಗೆ ಗುರುತಿಸಿದ್ದಾರೆ ಎಂದಷ್ಟೇ ಅದರ ಅರ್ಥ. ವೆಬ್‌ಸೈಟಿನಲ್ಲಿ ಒಪ್ಪಿಗೆ ಕೊಟ್ಟು, ದಾಖಲೆಗಳೊಡನೆ ಕಾಲೇಜಿಗೆ ಹೋಗಿ, ಶುಲ್ಕ ಕಟ್ಟಿ, ‘ಕನ್‌ಫರ್ಮ್ಡ್’ ಎಂದಾದರೇನೇ ಪ್ರವೇಶ. ನಾವು ಬರೆದ ಮೊದಲನೆಯ ಕಾಲೇಜೇ ದೊರೆತು, ಗಡುವಿನೊಳಗೆ ಸೇರದಿದ್ದರೆ, ಮುಂದಿನ ಸಾಮಾನ್ಯ ಸುತ್ತುಗಳ ಬಾಗಿಲು ಮುಚ್ಚಿತು! ‘ನಾಟ್ ಅಲಾಟೆಡ್’ ಎಂದರೆ ಎಲ್ಲ ಮುಗಿಯಿತೆಂದಲ್ಲ; ಮುಂದಿನ ಸುತ್ತು ಇದೆ.

ಗಡುವು ಕೆಲವೇ ದಿನ. ನಮ್ಮ ದುಡಿತ ಹನ್ನೆರಡು ತಾಸು. ಸೀಟು ತಪ್ಪಿದರೆ ‘ಪಾಲಕರ ಅಲಕ್ಷ್ಯ’ ಎನ್ನುತ್ತಾರೆ. ಅಲಕ್ಷ್ಯ ಯಾರದು? ಮೋರಿಯ ಬಳಿ ತಾಟು ತೊಳೆಯುವವನದೋ, ತಿಳಿಯದ ಒಂದು ಶಬ್ದ ಕಳಿಸಿ ಕೈ ತೊಳೆದುಕೊಂಡವರದೋ?

ನಾವು ಭಿಕ್ಷೆ ಕೇಳುತ್ತಿಲ್ಲ. ಮುಂದೆ ಏನು ಮಾಡಬೇಕು, ಯಾವ ತಾರೀಖಿನೊಳಗೆ ಎಂಬುದನ್ನು ಇಲಾಖೆ ನಮ್ಮ ಮಕ್ಕಳ ತಾಯಿನುಡಿಯಲ್ಲಿ ತಿಳಿಸಲಿ. ಪ್ರವೇಶದ ದಿನ ಮಾಲಕರು ಸಂಬಳ ಕಡಿಯದೆ ರಜೆ ಕೊಡಲಿ. ಈ ಊರಿನ ರಾತ್ರಿಶಾಲೆಗಳಲ್ಲಿ ಕಲಿತು ಮೇಲೇರಿದ ಕನ್ನಡಿಗರು ನಮ್ಮೊಡನೆ ನಿಲ್ಲಲಿ.

ಅದುವರೆಗೆ, ಬಂದ ಸಂದೇಶವನ್ನು ಜೇಬಿನಲ್ಲೇ ಇಟ್ಟುಕೊಳ್ಳಬೇಡಿ. ಅದೇ ರಾತ್ರಿ ಸಂಘಕ್ಕೆ ತನ್ನಿ, ಕೂಡಿ ಓದೋಣ.